ಇಳಿತದ ಹೊತ್ತು, ಬಂಡೆ ನಡುವಿನ ಹೊಂಡ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲು ಹಿಂದೆ ಸರಿದಾಗ ಬಂಡೆಗಳ ನಡುವೆ ನೀರು ಉಳಿದು ಹೊಂಡಗಳಾಗುತ್ತವೆ. ಅವನ್ನು ನೋಡಲು ನನ್ನ ಜೊತೆ ಬಂದವರು, ಆಮೇಲೆ ಪತ್ರ ಬರೆದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಮೊದಲ ಸಲ ಹೋಗುವವರು ಮೇಲಿನಿಂದ ಓದಿ. ನಾಲ್ಕಾರು ಸಲ ಹೋಗಿ ಬಂದವರಿಗೆ ಕೊನೆಯ ಭಾಗ ಹೆಚ್ಚು ಹಿಡಿಸಬಹುದು.

## ಹೊರಡುವ ಮುಂಚೆ

ನಾನು ಹೋಗಿ ನೋಡಿದೆ, ಬರೀ ನೀರು, ಪಾಚಿ. ಅದರಲ್ಲಿ ನೋಡೋಕೆ ಏನಿದೆ?

ಎಷ್ಟು ಹೊತ್ತು ನೋಡಿದಿರಿ? ನಾನು ಮೊದಲು ಕೇಳುವುದು ಇದನ್ನೇ. ಬಹಳ ಜನ ಒಂದು ಹೊಂಡದ ಮುಂದೆ ಹತ್ತು ಸೆಕೆಂಡು ನಿಂತು ಮುಂದಿನದಕ್ಕೆ ಹೋಗುತ್ತಾರೆ. ಆದರೆ ನಿಮ್ಮ ನೆರಳು ಬಿದ್ದ ತಕ್ಷಣ ಹೊಂಡದಲ್ಲಿದ್ದವರೆಲ್ಲ ಅಡಗಿಕೊಂಡಿರುತ್ತಾರೆ. ಹಕ್ಕಿ ಬಂತು ಅಂತಲೇ ಅವರ ಲೆಕ್ಕ.

ಒಂದೇ ಹೊಂಡ ಆರಿಸಿಕೊಳ್ಳಿ. ನೆರಳು ನೀರಿನ ಮೇಲೆ ಬೀಳದ ಕಡೆ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಅಲ್ಲಾಡದೆ ಇರಿ. ಮೊದಲು ಒಂದು ಶಂಖ ನಡೆಯಲು ಶುರು ಮಾಡುತ್ತದೆ. ನೋಡಿದರೆ ಒಳಗಿರುವುದು ಸನ್ಯಾಸಿ ಏಡಿ. ಆಮೇಲೆ ಕಲ್ಲಿನ ಬಣ್ಣದ್ದೇ ಒಂದು ಪುಟ್ಟ ಮೀನು ಬಿರುಕಿನಿಂದ ಮುಖ ಹೊರಗೆ ಹಾಕುತ್ತದೆ. ಗಾಜಿನಂಥ ಸೀಗಡಿಯೊಂದು ಎಲ್ಲಿಂದಲೋ ಬಂದಿರುತ್ತದೆ. ಅದು ಅಲ್ಲೇ ಇತ್ತು, ನಿಮ್ಮ ಕಣ್ಣು ಈಗ ಪಳಗಿದೆ ಅಷ್ಟೇ.

ಯಾವ ದಿನ, ಎಷ್ಟು ಗಂಟೆಗೆ ಹೋದರೆ ಒಳ್ಳೇದು?

ಅಮಾವಾಸ್ಯೆ ಅಥವಾ ಹುಣ್ಣಿಮೆ, ಇಲ್ಲವೇ ಅದಾದ ಮೇಲಿನ ಒಂದೆರಡು ದಿನ. ಆಗ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಸೂರ್ಯ ಚಂದ್ರರ ಸೆಳೆತ ಕೂಡಿಕೊಳ್ಳುವುದರಿಂದ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಮ್ಮಿ, ಹೋದರೂ ಕೆಳಗಿನ ಬಂಡೆಗಳು ತೆರೆದುಕೊಳ್ಳುವುದಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳ ಹತ್ತಿರದ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಬಹಳ ಕಡೆ ನೀರು ಇನ್ನೂ ಹಿಂದಕ್ಕೆ ಹೋಗುತ್ತದೆ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಅದೇ ಇಳಿತ ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಉಬ್ಬರ ಇಳಿತದ ವೇಳಾಪಟ್ಟಿಯಲ್ಲಿರುವ ಇಳಿತದ ಸಮಯಕ್ಕಿಂತ ಒಂದೂವರೆ ಗಂಟೆ ಮುಂಚೆಯೇ ಬಂಡೆಯ ಮೇಲಿರಿ. ನೀರು ಇಳಿದಂತೆ ನೀವೂ ಇಳಿಯುತ್ತಾ ಹೋಗಿ. ಪಟ್ಟಿಯ ಸಮಯ ಬಂದಾಗ ನೀವು ದಡದ ಕಡೆ ಮುಖ ಮಾಡಿರಬೇಕು.

ಪಟ್ಟಿಯಲ್ಲಿ 0.2 ಮೀಟರ್, ಮೈನಸ್ 0.3 ಮೀಟರ್ ಅಂತೆಲ್ಲ ಇದೆ. ಸಮುದ್ರ ಮೈನಸ್ ಆಗೋದು ಹೇಗೆ?

ಸೊನ್ನೆ ಅಂದರೆ ಸಮುದ್ರದ ತಳ ಅಲ್ಲ. ಪಟ್ಟಿ ಮಾಡುವವರು ಅಳತೆಗೆ ಇಟ್ಟುಕೊಂಡ ಒಂದು ಗೆರೆ ಅದು. ಅಮೆರಿಕದಲ್ಲಿ ಪ್ರತಿದಿನದ ಎರಡು ಇಳಿತಗಳಲ್ಲಿ ಹೆಚ್ಚು ಕೆಳಗಿನದರ ಸರಾಸರಿಯನ್ನು ಸೊನ್ನೆ ಎನ್ನುತ್ತಾರೆ. ಹಾಗಾಗಿ ಅಲ್ಲಿ ಮೈನಸ್ ಇಳಿತಗಳು ಆಗಾಗ ಬರುತ್ತವೆ. ಇನ್ನು ಹಲವು ದೇಶಗಳಲ್ಲಿ ಲೆಕ್ಕದ ಪ್ರಕಾರ ನೀರು ಇಳಿಯಬಹುದಾದ ಅತಿ ಕೆಳಗಿನ ಮಟ್ಟವೇ ಸೊನ್ನೆ. ಅಲ್ಲಿ 0.2 ಕೂಡ ಅಪರೂಪದ ಒಳ್ಳೆಯ ಇಳಿತ.

ಈ ಅಂಕಿಗಳು ಚಂದ್ರ ಸೂರ್ಯರ ಲೆಕ್ಕ ಮಾತ್ರ. ಗಾಳಿಯ ಲೆಕ್ಕ ಅದರಲ್ಲಿಲ್ಲ. ಕಡಲಿನಿಂದ ದಡಕ್ಕೆ ಜೋರು ಗಾಳಿ ಬೀಸುತ್ತಿದ್ದರೆ ನೀರು ಪಟ್ಟಿ ಹೇಳಿದಷ್ಟು ಇಳಿಯದು. ವಾಯುಭಾರ ಕುಸಿದಾಗಲೂ ಅಷ್ಟೆ. ಒಂದು ಹೆಕ್ಟೋಪ್ಯಾಸ್ಕಲ್ ಕಡಿಮೆಯಾದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ.

ಕೆಲವು ಕಡೆ ಸಮುದ್ರ ಅಷ್ಟು ದೂರ ಹೋಗುತ್ತೆ, ಕೆಲವು ಕಡೆ ಅಲ್ಲಾಡೋದೇ ಇಲ್ಲ. ಯಾಕೆ?

ಕೊಲ್ಲಿಯ ಆಕಾರ ಮತ್ತು ಆಳದ ಮೇಲೆ ನಿಂತಿದೆ. ಕೆನಡಾದ ಬೇ ಆಫ್ ಫಂಡಿ ಲಾಳಿಕೆಯಂತೆ ಕಿರಿದಾಗುತ್ತಾ ಹೋಗುತ್ತದೆ. ಅದರಲ್ಲಿ ನೀರು ತೂಗಾಡುವ ಲಯವೂ ಉಬ್ಬರದ ಲಯಕ್ಕೆ ಹೊಂದಿಕೊಂಡಿದೆ. ಅಲ್ಲಿ ಉಬ್ಬರ ಇಳಿತದ ನಡುವಿನ ವ್ಯತ್ಯಾಸ 16 ಮೀಟರ್‌ವರೆಗೂ ಹೋಗುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಬಹಳ ಕಡೆ ಅದು ಅರ್ಧ ಮೀಟರ್ ಕೂಡ ಇಲ್ಲ.

ಚಪ್ಪಲಿ ಸಾಕಾ? ಇನ್ನೇನು ತಗೊಂಡು ಹೋಗಬೇಕು?

ಚಪ್ಪಲಿ ಬೇಡ, ಬರಿಗಾಲಂತೂ ಬೇಡವೇ ಬೇಡ. ಬೆರಳು ಮುಚ್ಚುವ, ರಬ್ಬರ್ ತಳದ, ಒದ್ದೆಯಾದರೂ ಪರವಾಗಿಲ್ಲ ಅನ್ನುವಂಥ ಹಳೆ ಶೂ ಹಾಕಿ. ಹಸಿರು ಪಾಚಿ ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಮೋಸದ್ದು ಮೇಲ್ಭಾಗದ ಬಂಡೆಯ ಮೇಲಿನ ತೆಳು ಕಪ್ಪು ಲೇಪ. ನೋಡಲು ಬರೀ ಕಲ್ಲು, ನೀರು ತಾಗಿದರೆ ಎಣ್ಣೆ ಸವರಿದಂತೆ.

ಟೋಪಿ, ಕುಡಿಯುವ ನೀರು, ಬ್ಯಾಂಡೇಜು, ಒಂದು ಕೈ ಭೂತಗನ್ನಡಿ, ಮುಚ್ಚಿದ ಚೀಲದಲ್ಲಿ ಫೋನ್. ಅಷ್ಟು ಸಾಕು. ಬಲೆ, ಸಲಾಕೆ, ಚಾಕು ಮನೆಯಲ್ಲೇ ಇರಲಿ. ಎರಡೂ ಕೈ ಖಾಲಿ ಇದ್ದರೆ ಜಾರಿದಾಗ ಹಿಡಿದುಕೊಳ್ಳಬಹುದು.

ನೀರು ವಾಪಸ್ ಬಂದು ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ?

ಈ ಭಯ ಇರಬೇಕಾದದ್ದೇ. ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರದವರೆಗಿನ ಆರು ಗಂಟೆಗಳಲ್ಲಿ ಮೊದಲ ಗಂಟೆ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮಾತ್ರ ಏರುತ್ತದೆ. ಎರಡನೇ ಗಂಟೆ ಎರಡು ಭಾಗ, ಮೂರನೇ ಮತ್ತು ನಾಲ್ಕನೇ ಗಂಟೆ ಮೂರು ಮೂರು ಭಾಗ. ಆಮೇಲೆ ಮತ್ತೆ ಎರಡು, ಒಂದು. ನಾವಿಕರು ಬಳಸುವ ಅಂದಾಜು ಇದು. ಮೊದಲ ಗಂಟೆಯಲ್ಲಿ "ಏನೂ ಆಗ್ತಿಲ್ಲ" ಅನ್ನಿಸುವುದೇ ಇದರ ಅಪಾಯ.

ಇನ್ನೊಂದು ವಿಷಯ: ನೀರು ಯಾವಾಗಲೂ ಎದುರಿನಿಂದಲೇ ಬರುವುದಿಲ್ಲ. ತಗ್ಗಿನ ಕಾಲುವೆಗಳಲ್ಲಿ ನುಗ್ಗಿ ನಿಮ್ಮ ಬೆನ್ನ ಹಿಂದೆ ಮೊದಲು ತುಂಬಬಹುದು. ಇಂಗ್ಲೆಂಡಿನ ಮೋರ್ಕಂಬ್ ಕೊಲ್ಲಿಯ ವಿಶಾಲ ಮರಳಿನಲ್ಲಿ 2004ರ ಫೆಬ್ರವರಿಯ ಒಂದು ರಾತ್ರಿ ಚಿಪ್ಪು ಆರಿಸುತ್ತಿದ್ದ ಕನಿಷ್ಠ 21 ಕಾರ್ಮಿಕರು ಏರುವ ನೀರಿಗೆ ಸಿಕ್ಕಿ ಸತ್ತರು. ಹೋಗುವಾಗಲೇ ತಿರುಗಿ ನೋಡಿ, ವಾಪಸ್ ಬರುವ ದಾರಿಯಲ್ಲಿ ಅತಿ ತಗ್ಗಿನ ಜಾಗ ಯಾವುದು ಅಂತ ಗುರುತು ಮಾಡಿಕೊಳ್ಳಿ. ಫೋನಿನಲ್ಲಿ ಅಲಾರಂ ಇಡಿ. ಬಂಡೆಗೆ ಇಳಿಯುವ ಮುಂಚೆ ಹತ್ತು ಹದಿನೈದು ನಿಮಿಷ ಅಲೆ ನೋಡಿ, ಏಕೆಂದರೆ ದೊಡ್ಡ ಅಲೆಗಳು ಬಿಟ್ಟು ಬಿಟ್ಟು ಗುಂಪಾಗಿ ಬರುತ್ತವೆ. ಕಡಲಿಗೆ ಬೆನ್ನು ಹಾಕಿ ಕೂರಬೇಡಿ.

ಪಟ್ಟಿಯಲ್ಲಿ ಇಲ್ಲದ ಹೊತ್ತಲ್ಲಿ ನೀರು ತುಂಬಾ ಹಿಂದೆ ಹೋದರೆ ಹೋಗಿ ನೋಡಬಹುದಾ?

ಬೇಡ. ಓಡಿ, ಎತ್ತರದ ಜಾಗಕ್ಕೆ. ಕೆಲವು ನಿಮಿಷಗಳಲ್ಲಿ ಕಡಲು ಇದ್ದಕ್ಕಿದ್ದಂತೆ ಹಿಂದೆ ಸರಿಯುವುದು ಸುನಾಮಿಯ ಮುನ್ಸೂಚನೆ. 2004ರ ಡಿಸೆಂಬರ್ 26ರಂದು ಹಲವು ಕಡೆ ಜನ ತೆರೆದುಕೊಂಡ ತಳವನ್ನು ನೋಡಲು, ಮೀನು ಹಿಡಿಯಲು ಇಳಿದಿದ್ದರು. ನೆಲ ಜೋರಾಗಿ ನಡುಗಿದಾಗಲೂ ಇದೇ ಮಾತು, ನೀರು ಸರಿಯುವವರೆಗೆ ಕಾಯಬೇಡಿ.

ಐದು ವರ್ಷದ ಮಗು ಇದೆ, ಕರೆದುಕೊಂಡು ಹೋಗಬಹುದಾ?

ಖಂಡಿತ. ಆ ವಯಸ್ಸಿನವರ ಕಣ್ಣು ನೆಲಕ್ಕೆ ಹತ್ತಿರ, ನಮಗಿಂತ ಮೊದಲು ಅವರೇ ಕಾಣುತ್ತಾರೆ. ಮೇಲ್ಭಾಗದ ಹೊಂಡಗಳಲ್ಲೇ ಇರಿ, ಒಂದು ಮಗುವಿಗೆ ಒಬ್ಬರು ದೊಡ್ಡವರು ಇರಲಿ. ಬಕೆಟ್ ಬೇಕೇ ಬೇಕು ಅಂತ ಹಟ ಮಾಡಿದರೆ ಒಂದು ಸಲಕ್ಕೆ ಒಂದೇ ಪ್ರಾಣಿ, ಎರಡು ನಿಮಿಷ, ಅದೇ ಹೊಂಡದ ನೀರು. ಏಡಿ, ಮೀನು ಒಟ್ಟಿಗೆ ಹಾಕಿದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಬಿಸಿಲಲ್ಲಿಟ್ಟ ಬಕೆಟ್ ನೀರು ಬೇಗ ಕಾಯುತ್ತದೆ, ಅದರ ಆಮ್ಲಜನಕವೂ ಬೇಗ ಮುಗಿಯುತ್ತದೆ.

## ಹೊಂಡದ ಪಕ್ಕದಲ್ಲಿ

ಮುಟ್ಟಬಹುದಾ?

ಏನು ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ. ಒದ್ದೆ ಮಾಡಿದ ಒಂದೇ ಬೆರಳಿನಿಂದ, ಅದು ಇರುವ ಜಾಗದಲ್ಲೇ. ಕೈಗೆ ಸನ್‌ಸ್ಕ್ರೀನ್ ಅಥವಾ ಸ್ಯಾನಿಟೈಸರ್ ಹಚ್ಚಿದ್ದರೆ ಬೇಡ. ಬಿಸಿನೀರಿನ ಕಡಲುಗಳಲ್ಲಿ, ಅದರಲ್ಲೂ ಹವಳ ಇರುವ ಕಡೆ, ನಾನು ಏನನ್ನೂ ಮುಟ್ಟುವುದಿಲ್ಲ.

ಅಂಟಿಕೊಂಡಿರುವುದನ್ನು ಕಿತ್ತು ನೋಡಬಾರದು. ನಕ್ಷತ್ರ ಮೀನು ಬಂಡೆ ಹಿಡಿದಿರುವುದು ನೂರಾರು ಸಣ್ಣ ಕೊಳವೆಗಾಲುಗಳಿಂದ. ಎಳೆದರೆ ಕಾಲು ಹರಿದು ಬಂಡೆಯಲ್ಲೇ ಉಳಿಯುತ್ತದೆ. ಫೋಟೊಗೆ ಅಂತ ಅದನ್ನು ಕೈಯಲ್ಲಿ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ಸುಮ್ನೆ ಇರಲಾಗುವುದಿಲ್ಲ. ಹೋಗಿ ಮೆಲ್ಲಗೆ ಹೇಳುತ್ತೇನೆ, ಬಹಳ ಜನ ಕೇಳುತ್ತಾರೆ ಕೂಡ.

ಕಲ್ಲು ಎತ್ತಿ ನೋಡೋದು ತಪ್ಪಾ?

ಎತ್ತುವುದಲ್ಲ, ಹಾಗೇ ಬಿಟ್ಟು ಹೋಗುವುದು ತಪ್ಪು. ಕಲ್ಲಿನ ಮೇಲ್ಮೈಯಲ್ಲಿ ಬೆಳಕು ಬೇಕಾದ ಪಾಚಿ ಇರುತ್ತದೆ. ಅಡಿಯಲ್ಲಿ ತೇವ, ಕತ್ತಲೆ ಬೇಕಾದ ಸ್ಪಂಜು, ಹುಳು, ಮೊಟ್ಟೆಗಳು, ಏಡಿಮರಿಗಳು. ಕಲ್ಲು ಮಗುಚಿ ಬಿಟ್ಟರೆ ಪಾಚಿ ಕತ್ತಲಲ್ಲಿ ಕೊಳೆಯುತ್ತದೆ, ಅಡಿಯವರು ಬಿಸಿಲಲ್ಲಿ ಒಣಗುತ್ತಾರೆ. ಒಂದೇ ಕಲ್ಲಿನಿಂದ ಎರಡು ಊರು ಹಾಳು.

ನಿಮ್ಮ ತಲೆಗಿಂತ ದೊಡ್ಡ ಕಲ್ಲನ್ನು ಮುಟ್ಟಬೇಡಿ. ಚಿಕ್ಕದನ್ನು ಆಚೆ ಅಂಚಿನಿಂದ ನಿಮ್ಮ ಕಡೆಗೆ ಬಾಗಿಲು ತೆರೆದಂತೆ ಎತ್ತಿ. ಆಗ ಹೊರಬರುವ ಪ್ರಾಣಿಗೆ ನಿಮ್ಮಿಂದ ದೂರ ಹೋಗಲು ದಾರಿ ಇರುತ್ತದೆ. ಅರ್ಧ ನಿಮಿಷ ನೋಡಿ. ಓಡಿ ಬಂದವರನ್ನು ಪಕ್ಕಕ್ಕೆ ಸರಿಸಿ, ಕಲ್ಲನ್ನು ಮೊದಲಿದ್ದ ಮಗ್ಗುಲಲ್ಲೇ ಮೆಲ್ಲಗೆ ಇಳಿಸಿ. ಆಮೇಲೆ ಅವರು ತಾವೇ ಅಡಿಗೆ ನುಸುಳಿಕೊಳ್ಳುತ್ತಾರೆ. ಜೊತೆಗೆ ಬಂದವರಿಗೆ ನಾನು ಹೇಳುವುದು ಒಂದು ಗಂಟೆಗೆ ಐದು ಕಲ್ಲು ಸಾಕು ಅಂತ.

ಚಿಪ್ಪು ಖಾಲಿ ಇದ್ದರೆ ತರಬಹುದಲ್ವಾ?

ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮುಂದಿನ ಮನೆ. ಅದರ ಹೊಟ್ಟೆ ಭಾಗ ಮೆತ್ತಗೆ, ಚಿಪ್ಪಿಲ್ಲದೆ ಬದುಕಲಾರದು. ಬೆಳೆದಂತೆಲ್ಲ ಮನೆ ಬದಲಿಸಬೇಕು. ಒಂದು ದೊಡ್ಡ ಚಿಪ್ಪು ಸಿಕ್ಕಿದರೆ ದೊಡ್ಡ ಏಡಿ ಅದಕ್ಕೆ ಹೋಗುತ್ತದೆ, ಅದು ಬಿಟ್ಟದ್ದಕ್ಕೆ ಇನ್ನೊಂದು, ಅದರದಕ್ಕೆ ಮತ್ತೊಂದು, ಹೀಗೆ ಸಾಲಾಗಿ ಮನೆ ಬದಲಾಗುತ್ತವೆ. ನೀವು ತಂದ ಒಂದು ಚಿಪ್ಪು ಈ ಇಡೀ ಸಾಲಿನ ಮೊದಲ ಮನೆ ಆಗಿದ್ದಿರಬಹುದು.

ಕಾನೂನೂ ಇದೆ. ಸಂರಕ್ಷಿತ ಕಡಲ ಪ್ರದೇಶಗಳಲ್ಲಿ ಖಾಲಿ ಚಿಪ್ಪು ತೆಗೆಯುವುದನ್ನೂ ಹಲವೆಡೆ ನಿಷೇಧಿಸಿದ್ದಾರೆ. ಗಟ್ಟಿ ಹವಳದ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟ್ಸ್ ಎಂಬ, ಅಳಿವಿನ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಒಪ್ಪಂದ ನಿಯಂತ್ರಿಸುತ್ತದೆ. ದಡಕ್ಕೆ ಬಿದ್ದದ್ದು ಅಂತ ಹವಳದ ತುಂಡನ್ನು ಚೀಲದಲ್ಲಿಟ್ಟು ವಿಮಾನ ಹತ್ತಿದರೆ ತೊಂದರೆ ಆಗಬಹುದು.

ನಕ್ಷತ್ರ ಮೀನು ನೀರಿಲ್ಲದೆ ಬಂಡೆ ಮೇಲಿತ್ತು. ಸಮುದ್ರಕ್ಕೆ ಎಸೆದು ಕಾಪಾಡಿದೆ, ಸರಿ ಅಲ್ವಾ?

ಮನಸ್ಸು ಒಳ್ಳೆಯದೇ. ಆದರೆ ಬಂಡೆಗೆ ಅಂಟಿಕೊಂಡಿದ್ದರೆ ಅದು ಆರಾಮಾಗೇ ಇತ್ತು. ಇಳಿತದ ಕೆಲವು ಗಂಟೆ ತಡೆಯುವುದು ಈ ಬಂಡೆಗಳಲ್ಲಿ ಬದುಕುವವುಗಳಿಗೆ ದಿನದ ಕೆಲಸ. ಮರಳಿನ ಮೇಲೆ ಅಲೆ ಎಸೆದು ಮಗುಚಿ ಬಿದ್ದದ್ದಾದರೆ ಎತ್ತಿ ಹತ್ತಿರದ ಹೊಂಡದಲ್ಲಿ ಮೆಲ್ಲಗೆ ಇಡಿ. ಎಸೆಯಬೇಡಿ.

## ಯಾರಿದು?

ಬಂಡೆಗೆ ಚೀನೀ ಟೋಪಿ ಥರ ಅಂಟಿಕೊಂಡಿದೆ, ಎಳೆದರೂ ಬರಲ್ಲ. ಅದು ಬದುಕಿದೆಯಾ?

ಬದುಕಿದೆ, ಎಳೆಯಬೇಡಿ. ಇದು ಲಿಂಪೆಟ್, ಬಸವನಹುಳುವಿನ ಬಳಗ. ನೀರು ಮುಚ್ಚಿದಾಗ ಹೊರಟು ಬಂಡೆ ಮೇಲಿನ ಪಾಚಿ ಕೆರೆದು ತಿನ್ನುತ್ತದೆ. ಬಹಳ ಲಿಂಪೆಟ್‌ಗಳು ಇಳಿತಕ್ಕೆ ಮುಂಚೆ ತಮ್ಮದೇ ಜಾಗಕ್ಕೆ ವಾಪಸ್ ಬರುತ್ತವೆ. ಚಿಪ್ಪಿನ ಅಂಚು ಅಲ್ಲಿನ ಕಲ್ಲಿಗೆ ಸರಿಯಾಗಿ ಕೂರುವಂತೆ ಬೆಳೆದಿರುತ್ತದೆ, ಮೆತ್ತನೆ ಕಲ್ಲಾದರೆ ಕಲ್ಲೇ ಸವೆದಿರುತ್ತದೆ. ಹಾಗೆ ಕೂತರೆ ಒಳಗಿನ ನೀರು ಆರುವುದಿಲ್ಲ. ಕಿತ್ತು ಬೇರೆ ಕಡೆ ಇಟ್ಟರೆ ಆ ಹೊಂದಿಕೆಯೇ ಹೋಯಿತು.

ಕಲ್ಲು ಕೆರೆಯುವ ಅದರ ಹಲ್ಲುಗಳಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜ ಇದೆ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದಾಗ ಅದು ಅಲ್ಲಿಯವರೆಗೆ ಪರೀಕ್ಷಿಸಿದ ಜೈವಿಕ ವಸ್ತುಗಳಲ್ಲೇ ಗಟ್ಟಿ ಅಂತ ಗೊತ್ತಾಯಿತು, ಜೇಡರ ನೂಲಿಗಿಂತಲೂ.

ಕಾಲು ಕೊಯ್ಯೋ ಆ ಬಿಳಿ ಚೂಪುಗಳು ಕಲ್ಲೋ, ಚಿಪ್ಪೋ?

ಎರಡೂ ಅಲ್ಲ. ಬಾರ್ನಕಲ್, ಏಡಿ ಸೀಗಡಿಗಳ ನೆಂಟ. ಮರಿ ಈಜಾಡಿ ಜಾಗ ಹುಡುಕಿ, ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಸುತ್ತ ಸುಣ್ಣದ ಗೋಡೆ ಕಟ್ಟಿಕೊಳ್ಳುತ್ತದೆ. ಆಮೇಲೆ ಬದುಕಿಡೀ ತಲೆಕೆಳಗಾಗಿ ಇದ್ದು, ಗರಿಯಂಥ ಕಾಲುಗಳನ್ನು ಹೊರಚಾಚಿ ನೀರಿನಿಂದ ಆಹಾರ ಬಾಚಿಕೊಳ್ಳುತ್ತದೆ. ನೀರಿನೊಳಗಿನ ಬಾರ್ನಕಲ್ ಮುಂದೆ ಭೂತಗನ್ನಡಿ ಹಿಡಿದು ಕಾಯಿರಿ, ಆ ಬಾಚುವಿಕೆ ಕಾಣುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇವುಗಳ ಅಧ್ಯಯನಕ್ಕೇ ಕೊಟ್ಟಿದ್ದ. ಒಮ್ಮೆ ಆ ಕಾಲು ಬೀಸುವುದನ್ನು ನೋಡಿದವರಿಗೆ ಆ ಎಂಟು ವರ್ಷ ಜಾಸ್ತಿ ಅನ್ನಿಸದು.

ಹೂವಿನ ಥರ ಇದೆ, ಮುಟ್ಟಿದರೆ ಬೆರಳಿಗೆ ಅಂಟುತ್ತೆ. ಅದೇನು?

ಸೀ ಅನಿಮೋನ್. ಕಡಲ ಹೂವು ಅಂತಲೂ ಕರೆಯುತ್ತಾರೆ, ಆದರೆ ಪ್ರಾಣಿ. ಅಂಟಿದಂತೆ ಅನ್ನಿಸಿದ್ದು ಅದರ ಕುಟುಕುವ ಕಣಗಳು ನಿಮ್ಮ ಚರ್ಮಕ್ಕೆ ಸಾವಿರಾರು ಸಣ್ಣ ಮುಳ್ಳು ಹಾರಿಸಿದ್ದರಿಂದ. ಹೆಚ್ಚಿನವುಗಳ ಮುಳ್ಳು ಬೆರಳಿನ ದಪ್ಪ ಚರ್ಮ ದಾಟದು. ಕೆಲವು ಜಾತಿಗಳದು ದಾಟಿ ಉರಿಯುತ್ತದೆ, ಹಾಗಾಗಿ ಪ್ರಯೋಗ ಬೇಡ. ನೀರಿಳಿದಾಗ ಗಿಡ್ಡನೆ ಜೆಲ್ಲಿ ಉಂಡೆಯಂತೆ ಮುದುಡಿ, ಮೈಗೆ ಚಿಪ್ಪಿನ ಚೂರು ಅಂಟಿಸಿಕೊಂಡಿರುತ್ತದೆ. ಒದ್ದೆ ಕಲ್ಲು ಅಂದುಕೊಂಡು ಜನ ಅದರ ಮೇಲೇ ಕಾಲಿಡುತ್ತಾರೆ.

ಇದರ ಆಯಸ್ಸು ಗೊತ್ತಾದರೆ ಕಾಲು ತಾನೇ ಹಿಂದೆ ಬರುತ್ತದೆ. 1828ರಲ್ಲಿ ಜಾನ್ ಡೇಲಿಯಲ್ ಎಂಬ ಪ್ರಕೃತಿ ತಜ್ಞ ಸ್ಕಾಟ್ಲೆಂಡಿನ ನಾರ್ತ್ ಬೆರಿಕ್‌ನಿಂದ ಒಂದು ಅನಿಮೋನ್ ತಂದು ಗಾಜಿನ ಜಾಡಿಯಲ್ಲಿ ಸಾಕಿದ. ಅವನು 1851ರಲ್ಲಿ ತೀರಿಕೊಂಡ ಮೇಲೆ ಅದು ಕೈಯಿಂದ ಕೈಗೆ ಹೋಯಿತು. ಜನ ಅದನ್ನು 'ಗ್ರ್ಯಾನಿ' ಅಂದರು, ಅಂದರೆ ಅಜ್ಜಿ. ಆ ಅಜ್ಜಿ 1887ರವರೆಗೆ ಬದುಕಿತ್ತು.

ಹೊಂಡದಲ್ಲಿ ಮೀನು ಸಿಕ್ಕಿಹಾಕಿಕೊಂಡಿದೆ. ಪಾಪ, ಸಮುದ್ರಕ್ಕೆ ಬಿಡಲಾ?

ಬೇಡ, ಅದು ಅದರ ಮನೆ. ಹೊಂಡದ ಗೋಬಿ, ಬ್ಲೆನ್ನಿ ಮೀನುಗಳಿಗೆ ಸುತ್ತಲಿನ ಜಾಗ ಬಾಯಿಪಾಠ. ಲೆಸ್ಟರ್ ಅರಾನ್ಸನ್ ಎಂಬ ಸಂಶೋಧಕ 1951ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಇಷ್ಟ. ಒಂದು ಬಗೆಯ ಗೋಬಿ ಮೀನು ಬೆದರಿದಾಗ ಒಂದು ಹೊಂಡದಿಂದ ಪಕ್ಕದ ಹೊಂಡಕ್ಕೆ ಜಿಗಿಯುತ್ತದೆ. ಅಲ್ಲಿಂದ ಆ ಹೊಂಡ ಅದಕ್ಕೆ ಕಾಣುವುದಿಲ್ಲ, ಆದರೂ ಗುರಿ ತಪ್ಪುವುದು ಅಪರೂಪ. ಹೊಂಡಗಳೆಲ್ಲ ನೀರಿನಡಿ ಮುಳುಗಿದ್ದಾಗ ಮೇಲೆ ಈಜಾಡಿ ತಗ್ಗು ದಿಣ್ಣೆ ನೆನಪಿಟ್ಟುಕೊಂಡಿರುತ್ತದೆ ಅಂತ ಅವರು ಕೃತಕ ಹೊಂಡ ಕಟ್ಟಿ ತೋರಿಸಿದರು. ಉಬ್ಬರದಲ್ಲಿ ಅಲ್ಲಿ ಓಡಾಡಲು ಬಿಡದ ಮೀನುಗಳಿಗೆ ಅಷ್ಟು ಸರಿಯಾಗಿ ಜಿಗಿಯಲು ಆಗಲಿಲ್ಲ.

ಆಕ್ಟೋಪಸ್ ನೋಡಬೇಕು ಅಂತ ಆಸೆ. ಎಲ್ಲಿ ಹುಡುಕಲಿ?

ಆಕ್ಟೋಪಸ್ ಹುಡುಕಬೇಡಿ, ಅದರ ಊಟದ ಗುರುತು ಹುಡುಕಿ. ಕೆಳಭಾಗದ ಹೊಂಡದಲ್ಲಿ ಬಿರುಕಿನ ಬಾಯಲ್ಲಿ ಏಡಿಯ ಖಾಲಿ ಕವಚ, ಒಡೆದ ಚಿಪ್ಪು ರಾಶಿ ಬಿದ್ದಿದ್ದರೆ ಅದು ಅದರ ಬಾಗಿಲು. ದೂರ ಕೂತು ಕಾಯಿರಿ. ಬಿರುಕಿಗೆ ಕೈ ಹಾಕಬೇಡಿ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

## ಎಚ್ಚರ ಬೇಕಾದವು

ನಿಜವಾಗಿ ಅಪಾಯದ ಪ್ರಾಣಿಗಳು ಯಾವುವು?

ಜಾರಿ ಬೀಳುವುದು ಮತ್ತು ಅಲೆಗೆ ಸಿಕ್ಕುವುದೇ ಮೊದಲ ಅಪಾಯ. ಪ್ರಾಣಿಗಳ ಪೈಕಿ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಬೆಚ್ಚನೆ ನೀರಿನ ಮೂರನ್ನು ಗುರುತಿಟ್ಟುಕೊಳ್ಳಿ.

ನೀಲಿ ಉಂಗುರದ ಆಕ್ಟೋಪಸ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಕೆಣಕಿದಾಗ ಮೈಮೇಲೆ ಹೊಳೆಯುವ ನೀಲಿ ಉಂಗುರಗಳು ಎದ್ದು ಕಾಣುತ್ತವೆ. ಕಚ್ಚಿದ್ದು ಗೊತ್ತೇ ಆಗದಿರಬಹುದು. ಅದರ ವಿಷ ಟೆಟ್ರೊಡೊಟಾಕ್ಸಿನ್ ಉಸಿರಾಟದ ಸ್ನಾಯುಗಳನ್ನು ನಿಲ್ಲಿಸುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ.

ಕೋನ್ ಶಂಖ ಚೆಂದದ ಚಿತ್ತಾರದ ಚಿಪ್ಪಿನದು, ಅದಕ್ಕೇ ಜನ ಕೈಗೆತ್ತಿಕೊಳ್ಳುತ್ತಾರೆ. ಸೊಂಡಿಲಿನಂಥ ಬಾಯಿಯ ತುದಿಯಲ್ಲಿ ವಿಷದ ಈಟಿ ಇದೆ, ಚಿಪ್ಪಿನ ಯಾವ ಭಾಗ ಹಿಡಿದರೂ ತಲುಪಬಲ್ಲದು. ದೊಡ್ಡ ಜಾತಿಗಳು ಮನುಷ್ಯರನ್ನು ಕೊಂದಿವೆ. ಇದೇ ಬಳಗದ ಒಂದು ಶಂಖದ ವಿಷದಿಂದ ತೀವ್ರ ನೋವಿಗೆ ಕೊಡುವ ಜಿಕೊನೊಟೈಡ್ ಎಂಬ ಔಷಧ ಬಂತು, ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು.

ಮೂರನೆಯದು ಕಲ್ಲುಮೀನು. ಹೆಸರಿನಂತೆ ಪಾಚಿ ಹಿಡಿದ ಕಲ್ಲೇ. ಬೆನ್ನಿನ ಮುಳ್ಳುಗಳಲ್ಲಿ ವಿಷ, ತುಳಿದರೆ ತಡೆಯಲಾರದ ನೋವು. ಹೆಜ್ಜೆ ಎತ್ತಿಡುವ ಬದಲು ಕಾಲು ನೆಲಕ್ಕೆ ಸವರಿಕೊಂಡು ನಡೆದರೆ ಮರಳಲ್ಲಿ ಹೂತಿರುವ ತೊರಕೆ ಮೀನು ಸರಿದು ಹೋಗುತ್ತದೆ. ಕಲ್ಲುಮೀನು ಸರಿಯದು. ದಪ್ಪ ತಳದ ಶೂ ಮಾತ್ರ ಕಾಪು.

ಚುಚ್ಚಿದರೆ, ಕಚ್ಚಿದರೆ ತಕ್ಷಣ ಏನು ಮಾಡಬೇಕು?

ಕಲ್ಲುಮೀನು, ತೊರಕೆ, ಇಲ್ಲವೇ ಮೈತುಂಬ ಮುಳ್ಳಿರುವ ಉಂಡೆಯಂಥ ಸೀ ಅರ್ಚಿನ್‌ನ ಮುಳ್ಳು ಚುಚ್ಚಿದರೆ ಬಿಸಿನೀರು. ಸುಮಾರು 45 ಡಿಗ್ರಿ, ತಡೆದುಕೊಳ್ಳುವಷ್ಟು ಬಿಸಿ ಇರಲಿ. ಪೆಟ್ಟಾಗದ ಕೈಯಿಂದ ಮೊದಲು ಪರೀಕ್ಷಿಸಿ, ನೋವಿನಲ್ಲಿ ಸುಡುವುದು ಗೊತ್ತಾಗುವುದಿಲ್ಲ. 30ರಿಂದ 90 ನಿಮಿಷ ಮುಳುಗಿಸಿಡಿ, ಆಸ್ಪತ್ರೆಗೆ ಹೊರಡಿ. ಆಳಕ್ಕೆ ಹೋದ ಮುಳ್ಳನ್ನು ನೀವೇ ಕೆದಕಬೇಡಿ, ಮುರಿದು ಒಳಗೇ ಉಳಿಯುತ್ತದೆ.

ನೀಲಿ ಉಂಗುರದ ಆಕ್ಟೋಪಸ್, ಕೋನ್ ಶಂಖ ಆದರೆ ಬಿಸಿನೀರಲ್ಲ. ಕೈಕಾಲಿಗೆ ಉದ್ದಕ್ಕೂ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲ್ಲಾಡದಂತೆ ಇಟ್ಟು, ತುರ್ತು ಸಹಾಯಕ್ಕೆ ಕರೆ ಮಾಡಿ. ಉಸಿರು ನಿಂತರೆ ಕೃತಕ ಉಸಿರಾಟ ಕೊಡುತ್ತಲೇ ಇರಿ. ಅವರಿಗೆ ಅಲ್ಲಾಡಲು ಆಗದಿದ್ದರೂ ಎಚ್ಚರ ಇರಬಹುದು, ಕೇಳಿಸುತ್ತಿರಬಹುದು. ವಿಷ ಇಳಿಯುವವರೆಗೆ ಉಸಿರು ಕೊಟ್ಟದ್ದರಿಂದಲೇ ಬದುಕಿ ಬಂದವರಿದ್ದಾರೆ.

## ಹವಳದ ದಿಬ್ಬದ ಮೇಲೆ

ಇಳಿತದಲ್ಲಿ ಹವಳದ ಮೇಲೆ ನಡೆಯಬಹುದಾ?

ಬದುಕಿರುವ ಹವಳದ ಮೇಲೆ ಹೆಜ್ಜೆ ಇಡಲೇಬಾರದು. ಗುಂಡು ಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಒಂದು ಹೆಜ್ಜೆಗೆ ಮುರಿದದ್ದು ಮತ್ತೆ ಬೆಳೆಯಲು ವರ್ಷಗಳೇ ಬೇಕು. ದಿಬ್ಬದ ಮೇಲೆ ಮರಳಿನ ಓಣಿಗಳು ಇರುತ್ತವೆ, ಗುರುತು ಮಾಡಿದ ದಾರಿ ಇದ್ದರೆ ಇನ್ನೂ ಒಳ್ಳೆಯದು. ಅವುಗಳಲ್ಲೇ ನಡೆಯಿರಿ. ಒಂದು ಕೋಲು ಊರಿಕೊಳ್ಳಿ, ಆದರೆ ಅದನ್ನೂ ಮರಳಿಗೇ ಊರಿ. ಓಣಿ ಮುಗಿದ ಕಡೆ ನಿಮ್ಮ ನಡಿಗೆಯೂ ಮುಗಿಯಿತು ಅಂದುಕೊಳ್ಳಿ.

ಹವಳ ನೀರಿನಿಂದ ಹೊರಗಿದೆ, ಲೋಳೆ ಬರ್ತಿದೆ. ಸಾಯ್ತಿದೆಯಾ?

ಇಲ್ಲ. ಆ ಲೋಳೆ ಅದರ ಕೊಡೆ. ಒಣಗದಂತೆ, ಬಿಸಿಲು ತಾಗದಂತೆ ಮೈಗೆ ಹೊದ್ದುಕೊಂಡಿರುತ್ತದೆ. ಕೆಲವು ಗಂಟೆ ಹೀಗೆ ಇರಬಲ್ಲದು. ಸುಡುಬಿಸಿಲಿನ ಮಧ್ಯಾಹ್ನ ದೊಡ್ಡ ಇಳಿತ ಬಂದರೆ, ಇಲ್ಲವೇ ಜೋರು ಮಳೆಯ ಸಿಹಿನೀರು ಬಿದ್ದರೆ ಮಾತ್ರ ಕಷ್ಟ.

ಗ್ರೇಟ್ ಬ್ಯಾರಿಯರ್ ರೀಫ್‌ನ ಇಂಥ ಹೊಂಡಗಳಲ್ಲಿ ಎಪೊಲೆಟ್ ಎಂಬ ಪುಟ್ಟ ಶಾರ್ಕ್ ಇದೆ. ಆಮ್ಲಜನಕ ಮುಗಿಯುತ್ತಾ ಬಂದಾಗ ಬೇರೆ ಮೀನುಗಳು ಒದ್ದಾಡಿದರೆ, ಇದು ದೇಹದ ಖರ್ಚು ತಗ್ಗಿಸಿ ರೆಕ್ಕೆಗಳನ್ನೇ ಕಾಲಿನಂತೆ ಊರಿ ಹೊಂಡದಿಂದ ಹೊಂಡಕ್ಕೆ ನಡೆದು ಹೋಗುತ್ತದೆ.

ಸನ್‌ಸ್ಕ್ರೀನ್ ಹಚ್ಚಬಹುದಾ?

ಹವಳಕ್ಕೆ ಹಾನಿ ಅಂತ ಹವಾಯಿ ರಾಜ್ಯ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು 2021ರ ಜನವರಿ 1ರಿಂದ ನಿಲ್ಲಿಸಿದೆ. ಸರಳ ದಾರಿ ತುಂಬು ತೋಳಿನ ಅಂಗಿ, ಅಗಲ ಟೋಪಿ. ಹೊಂಡದ ನೀರು ಸ್ವಲ್ಪವೇ, ಮೈಯಿಂದ ತೊಳೆದು ಹೋದದ್ದು ಮುಂದಿನ ಉಬ್ಬರದವರೆಗೆ ಅಲ್ಲೇ ಇರುತ್ತದೆ.

## ಇನ್ನೂ ಆಳಕ್ಕೆ

ಬಂಡೆ ಮೇಲೆ ಬಣ್ಣದ ಪಟ್ಟಿಗಳು ಕಾಣುತ್ತವೆ. ಯಾರು ಎಲ್ಲಿರಬೇಕು ಅಂತ ಯಾರು ತೀರ್ಮಾನಿಸೋದು?

ಮೇಲೆ ತುಂತುರು ಮಾತ್ರ ತಾಗುವ ಕಡೆ ಸಣ್ಣ ಬಸವನಹುಳುಗಳು, ಅದರ ಕೆಳಗೆ ಬಾರ್ನಕಲ್, ನಂತರ ಮಸೆಲ್ ಚಿಪ್ಪುಗಳ ಕಪ್ಪು ಹಾಸು, ಕೊನೆಗೆ ದೊಡ್ಡ ಕಡಲ ಪಾಚಿ. ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ಮಿಲ್‌ಪೋರ್ಟ್ ಬಂಡೆಗಳಲ್ಲಿ ಎರಡು ಜಾತಿಯ ಬಾರ್ನಕಲ್ ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. 1961ರಲ್ಲಿ ಫಲಿತಾಂಶ ಬಂತು. ಮೇಲಿನ ಪಟ್ಟಿಯ ಚಿಕ್ಕ ಜಾತಿ ಕೆಳಗೂ ಬದುಕಬಲ್ಲದು, ಆದರೆ ದೊಡ್ಡ ಜಾತಿ ಅದನ್ನು ಮೇಲಿಂದ ಮುಚ್ಚಿ, ಅಡಿಯಿಂದ ಎಬ್ಬಿಸಿ ಕೊಲ್ಲುತ್ತದೆ. ದೊಡ್ಡ ಜಾತಿ ಮೇಲೆ ಹೋಗದಿರುವುದು ಒಣಗುವ ಭಯಕ್ಕೆ. ಒಂದೆಡೆ ಬಿಸಿಲು ಗೆರೆ ಎಳೆಯುತ್ತದೆ, ಇನ್ನೊಂದೆಡೆ ನೆರೆಯವರು.

ಒಂದೇ ಹೊಂಡ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ಯಾಕೆ?

ನೀರೇ ಬದಲಾಗಿರುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತಾ ಹೋಗುತ್ತದೆ, ಅದರ ಮೇಲೆ ಗುಳ್ಳೆಗಳು ಸಾಲಾಗಿ ನಿಂತದ್ದು ಕಾಣುತ್ತದೆ. ಬಿಸಿಲಿಗೆ ನೀರು ಕಾದು ಆರಿ ಉಪ್ಪು ಜಾಸ್ತಿಯಾಗುತ್ತದೆ, ಮಳೆ ಬಂದರೆ ಕಮ್ಮಿಯಾಗುತ್ತದೆ. ರಾತ್ರಿ ಎಲ್ಲರೂ ಉಸಿರಾಡುವವರೇ, ಆಮ್ಲಜನಕ ಕೊಡುವವರಿಲ್ಲ. ಆಗ ಅದು ಕುಸಿದು ನೀರು ಹುಳಿ ಕಡೆಗೆ ತಿರುಗುತ್ತದೆ. ಮೇಲ್ಭಾಗದ ಚಿಕ್ಕ ಹೊಂಡಗಳಲ್ಲಿ ಈ ಏರಿಳಿತ ಜೋರು. ಅದಕ್ಕೇ ಅಲ್ಲಿ ಇರುವ ಜಾತಿಗಳು ಕಡಿಮೆ.

ರಾತ್ರಿ ಇಳಿತಕ್ಕೆ ಹೋದರೆ ಏನು ಸಿಗುತ್ತೆ?

ಬೇರೆಯದೇ ಲೋಕ. ಹಗಲು ಬಿರುಕಿನಲ್ಲಿದ್ದ ಏಡಿ, ಸೀಗಡಿ, ಆಕ್ಟೋಪಸ್ ಹೊರಗಿರುತ್ತವೆ. ಟಾರ್ಚ್ ಬೆಳಕಿಗೆ ಸೀಗಡಿಯ ಕಣ್ಣುಗಳು ಕೆಂಡದ ಚುಕ್ಕಿಗಳಂತೆ ಹೊಳೆಯುತ್ತವೆ. ನೇರಳಾತೀತ ಟಾರ್ಚ್ ಹಿಡಿದರೆ ಹಲವು ಅನಿಮೋನ್, ಹವಳಗಳು ಹಸಿರಾಗಿ ಬೆಳಗುತ್ತವೆ. ಅದನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿಯಿರಿ. ಹಗಲಲ್ಲಿ ಚೆನ್ನಾಗಿ ಗೊತ್ತಿರುವ ಜಾಗಕ್ಕೆ, ಇಬ್ಬರು ಮೂವರು ಸೇರಿ, ಎರಡೆರಡು ಟಾರ್ಚ್ ಇಟ್ಟುಕೊಂಡು ಹೋಗಿ. ರಾತ್ರಿ ಅಲೆ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೇ.

ನುಡಿಬ್ರಾಂಕ್ ನೋಡಬೇಕು ಅಂತ ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಸಿಗ್ತಾನೇ ಇಲ್ಲ!

ಎರಡು ಸಲಹೆ. ಮೊದಲನೆಯದು, ಅದರ ಊಟ ಕಲಿಯಿರಿ. ಚಿಪ್ಪಿಲ್ಲದ ಈ ಬಣ್ಣದ ಬಸವನಹುಳುಗಳು ಬಹಳ ನಾಜೂಕು ತಿನಿಸುಗಾರರು. ಒಂದು ಜಾತಿ ಸ್ಪಂಜನ್ನೇ ತಿನ್ನುತ್ತದೆ, ಇನ್ನೊಂದು ಹೈಡ್ರಾಯ್ಡ್ ಎಂಬ ಗರಿಯಂಥ ಪ್ರಾಣಿಗಳನ್ನು. ಊಟ ಇರುವ ಬಂಡೆಯ ನೆರಳಿನ ಮಗ್ಗುಲು, ಚಾಚಿದ ಅಂಚಿನ ಅಡಿ ನೋಡಿ. ಎರಡನೆಯದು, ನೀರಿನಿಂದ ಹೊರಗಿದ್ದಾಗ ಅದು ಬೆರಳುಗುರಿನಷ್ಟು ಲೋಳೆಯ ಹನಿ. ನೀವು ದಾಟಿ ಹೋಗಿರುತ್ತೀರಿ. ಸುರುಳಿಯಾಗಿ ಸುತ್ತಿದ ರಿಬ್ಬನ್‌ನಂಥ ಮೊಟ್ಟೆಗಳು ಕಂಡರೆ ಅಮ್ಮ ಹತ್ತಿರದಲ್ಲೇ ಇರಬಹುದು. ಅನಿಮೋನ್ ಬಳಗವನ್ನು ತಿನ್ನುವ ಕೆಲವು ಜಾತಿಗಳು ಅವುಗಳ ಕುಟುಕು ಕಣಗಳನ್ನು ಜೀರ್ಣಿಸದೆ ತಮ್ಮ ಬೆನ್ನಿನ ಗರಿಗಳಿಗೆ ಸಾಗಿಸಿ, ತಮ್ಮದೇ ಆಯುಧ ಮಾಡಿಕೊಳ್ಳುತ್ತವೆ.

ಫೋಟೊ ತೆಗೆದರೆ ಬರೀ ಆಕಾಶದ ಹೊಳಪು ಬರುತ್ತೆ. ಏನು ಮಾಡಲಿ?

ಗೆಳೆಯರೊಬ್ಬರನ್ನು ಕಪ್ಪು ಕೊಡೆ ಹಿಡಿಯಲು ಕೇಳಿ. ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಗಾಜು ಇದ್ದರೆ ತಿರುಗಿಸಿ ಹೊಳಪು ತಗ್ಗುವ ಕೋನ ಹುಡುಕಿ. ನೀರೊಳಗೆ ಹೋಗುವ ಕ್ಯಾಮೆರಾ ಇದ್ದರೆ ಅದನ್ನೇ ಮುಳುಗಿಸಿ. ಪ್ರಾಣಿಯನ್ನು ಬೆಳಕಿಗೆ ಸರಿಸಬೇಡಿ.

ಒಂದು ಪ್ರಾಣಿ ತೆಗೆದರೆ ಇಡೀ ಬಂಡೆಗೆ ಏನಾಗಿಬಿಡುತ್ತೆ?

ಇದಕ್ಕೆ ಪರೀಕ್ಷೆ ಮಾಡಿ ಸಿಕ್ಕ ಉತ್ತರ ಇದೆ. ಪರಿಸರ ವಿಜ್ಞಾನಿ ರಾಬರ್ಟ್ ಪೇನ್ 1963ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಾಕಾ ಕೊಲ್ಲಿಯಲ್ಲಿ ಬಂಡೆಯ ಒಂದು ಪಟ್ಟಿಯಿಂದ ನಕ್ಷತ್ರ ಮೀನುಗಳನ್ನು ತೆಗೆಯಲು ಶುರು ಮಾಡಿದರು. ಅವು ತಿನ್ನುತ್ತಿದ್ದ ಮಸೆಲ್ ಚಿಪ್ಪುಗಳು ಈಗ ಅಡ್ಡಿಯಿಲ್ಲದೆ ಹರಡಿ ಬೇರೆಯವರನ್ನೆಲ್ಲ ಒತ್ತರಿಸಿದವು. ಅಲ್ಲಿದ್ದ 15 ಜಾತಿಗಳು 8ಕ್ಕೆ ಇಳಿದವು. ಪಕ್ಕದಲ್ಲಿ ಹಾಗೇ ಬಿಟ್ಟ ಬಂಡೆಯಲ್ಲಿ ಏನೂ ಕಮ್ಮಿಯಾಗಲಿಲ್ಲ. ಕಮಾನಿನ ನಡುಗಲ್ಲಿನಂತೆ ಉಳಿದೆಲ್ಲರನ್ನೂ ಹಿಡಿದಿಡುವ ಜಾತಿ ಎಂಬ ಕಲ್ಪನೆ ಪರಿಸರ ವಿಜ್ಞಾನಕ್ಕೆ ಬಂದದ್ದು ಈ ಬಂಡೆಯಿಂದ. 1969ರಲ್ಲಿ ಅವರೇ ಅದಕ್ಕೆ 'ಕೀಸ್ಟೋನ್' ಎಂಬ ಹೆಸರಿಟ್ಟರು.

ನಾನು ವಿಜ್ಞಾನಿ ಅಲ್ಲ. ನಾನು ಬರೆದಿಟ್ಟದ್ದು ಯಾರಿಗಾದರೂ ಉಪಯೋಗ ಆಗುತ್ತಾ?

ಆಗುತ್ತದೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ. 2013ರಿಂದ ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯಲ್ಲಿ ನಕ್ಷತ್ರ ಮೀನುಗಳು ಮೈ ಕರಗಿ ಸಾಯತೊಡಗಿದವು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ ರೋಗ ತಗುಲಿತು. ಕಾರಣ ವಿಬ್ರಿಯೊ ಬಳಗದ ಒಂದು ಬ್ಯಾಕ್ಟೀರಿಯಾ ಅಂತ ಪ್ರಯೋಗದಿಂದ ತೋರಿಸಿದ್ದು 2025ರಲ್ಲಿ. ಅಷ್ಟು ವರ್ಷ ಎಲ್ಲಿ ಎಷ್ಟು ಉಳಿದಿವೆ ಅನ್ನುವ ಲೆಕ್ಕದಲ್ಲಿ ದಡದಲ್ಲಿ ನಡೆದಾಡುವ ಸಾಮಾನ್ಯ ಜನ ಕೊಟ್ಟ ಮಾಹಿತಿಯೂ ಇತ್ತು.

ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಫೋಟೊ ಹಾಕಿದರೆ ಗುರುತಿಸಲು ಜನ ಸಿಗುತ್ತಾರೆ. ಪಕ್ಕ, ಮೇಲೆ, ಸುತ್ತಲಿನ ಜಾಗ ಸೇರಿ ಮೂರು ಫೋಟೊ ಇರಲಿ. ಜೊತೆಗೆ ಒಂದು ಪುಸ್ತಕ ಇಡಿ. ದಿನಾಂಕ, ಇಳಿತದ ಸಮಯ ಮತ್ತು ಎತ್ತರ, ಹೊಂಡದ ಗುರುತು, ಏನು ಕಂಡಿತು, ಎಷ್ಟು. ಹುಡುಕಿಯೂ ಕಾಣದ್ದನ್ನು ಕೂಡ ಬರೆಯಿರಿ, ಒಂದು ಜಾತಿ ಯಾವಾಗ ಹೋಯಿತು ಅಂತ ಆಮೇಲೆ ಹೇಳುವುದು ಆ ಸಾಲುಗಳೇ. ನಾನು ತಿಂಗಳಿಗೆ ಒಂದು ಅಮಾವಾಸ್ಯೆ ಇಳಿತ ಒಂದೇ ಹೊಂಡಕ್ಕೆ ಮೀಸಲಿಟ್ಟಿದ್ದೇನೆ. ಅದರ ವಾಯವ್ಯ ಮೂಲೆಯಲ್ಲಿ ಒಂದು ಕೆಂಪು ಅನಿಮೋನ್ ಇದೆ. ಪುಸ್ತಕದ ಪ್ರತಿ ಪುಟ ಅದರ ಹೆಸರಿನಿಂದಲೇ ಶುರು.